ಬಾಡಿಗೆದಾರರೊಡನೆ ಮಾತು: ಮನೆ ಕೊಟ್ಟ ರೈತರಿಗೊಂದು ಪಾಠ



ನರಿಮೊಗರಿನ ಆಸುಪಾಸಿನಲ್ಲಿ ತೋಟದ ಬದಿಯಲ್ಲೋ ರಸ್ತೆಯ ಪಕ್ಕದಲ್ಲೋ ಎರಡು ಮೂರು ಕೋಣೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟಿರುವ ಕೃಷಿಕರು ಈಗ ಕಡಿಮೆಯಿಲ್ಲ. ಪುತ್ತೂರು ಪೇಟೆಗೆ ದಿನವೂ ಕೆಲಸಕ್ಕೆ ಹೋಗಿಬರುವವರು, ಶಾಲೆಯ ಅಧ್ಯಾಪಿಕೆಯರು, ರಬ್ಬರ್ ಟ್ಯಾಪಿಂಗಿಗಾಗಿ ಕೇರಳದಿಂದ ಬಂದವರು, ತೋಟದ ಕೆಲಸಕ್ಕೆಂದು ಜಾರ್ಖಂಡ್, ಅಸ್ಸಾಮುಗಳಿಂದ ಬಂದವರು, ಹೀಗೆ ಬಾಡಿಗೆಗೆ ಇರುವವರೂ ಹಲವು ಬಗೆಯವರು. ಅಡಿಕೆಯ ಧಾರಣೆ ಕುಸಿದ ವರ್ಷ, ಕೊಳೆರೋಗ ಬಡಿದ ವರ್ಷ ಈ ಬಾಡಿಗೆಯ ಹಣವೇ ಮಕ್ಕಳ ಶಾಲೆಯ ಫೀಸಿಗೆ ಒದಗಿ ಬರುತ್ತದೆ. ಹೀಗಿದ್ದರೂ, ಅಡಿಕೆಗೆ ಮದ್ದು ಬಿಡುವ ಕ್ರಮವನ್ನು ನಾಲ್ಕು ಮಂದಿಯಲ್ಲಿ ಕೇಳಿ ತಿಳಿದುಕೊಳ್ಳುವ ನಾವು, ಬಾಡಿಗೆದಾರರೊಡನೆ ಹೇಗೆ ಮಾತನಾಡಬೇಕು, ಯಾವುದನ್ನು ಬಾಯಿಂದ ಹೇಳಬೇಕು, ಯಾವುದನ್ನು ಬರೆದು ಕೊಡಬೇಕು ಎಂಬುದನ್ನು ಮಾತ್ರ ಯಾರಲ್ಲಿಯೂ ಕೇಳುವುದಿಲ್ಲ. ಈ ಪಾಠವು ಅದರ ಕುರಿತಾದುದು.

ಬರೆದು ಕೊಡುವ ಹೆದರಿಕೆ

ಊರಿನ ಹಿರಿಯರ ಮುಂದೆ ಈ ವಿಷಯವನ್ನೆತ್ತಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ. “ಬರೆದು ಕೊಟ್ಟರೆ ಮನೆ ಹೋಯಿತೆಂದೇ ಲೆಕ್ಕ ಮಾರಾಯ್ರೆ. ಬಾಯಿ ಮಾತಿನಲ್ಲಿ ಇರುವುದೇ ಒಳ್ಳೆಯದು.” ಈ ಹೆದರಿಕೆಗೆ ಕಾರಣವಿಲ್ಲದೆ ಇಲ್ಲ. ಅದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಯಲ್ಲಿ ಗೇಣಿಯು ಮುಖ್ಯವಾಗಿ ಮೂರು ಬಗೆಯದಾಗಿತ್ತು. ಗೇಣಿಯ ಮೊತ್ತ ಖಾಯಂ ಆಗಿ ನಿಂತು, ಮಕ್ಕಳು ಮೊಮ್ಮಕ್ಕಳವರೆಗೆ ಒಕ್ಕಲುತನ ಮುಂದುವರಿಯುತ್ತಿದ್ದುದು ಮೂಲಗೇಣಿ. ಇಂತಿಷ್ಟು ವರ್ಷವೆಂದು ಗೊತ್ತುಮಾಡಿ ಕೊಡುತ್ತಿದ್ದುದು ವಾಯಿದೆ ಗೇಣಿ. ಧಣಿಗಳು ಬಿಡು ಎನ್ನುವವರೆಗೆ ಮಾತ್ರ ನಿಲ್ಲುತ್ತಿದ್ದುದು ಚಾಲಗೇಣಿ. ಗದ್ದೆ ಉಳುತ್ತಿದ್ದವರಲ್ಲಿ ಬಹುಮಂದಿ ಈ ಕೊನೆಯ ಬಗೆಯವರು. ಗೇಣಿಯನ್ನು ಅಕ್ಕಿಯ ಮುಡಿಗಳಲ್ಲಿ ಸಲ್ಲಿಸುತ್ತಿದ್ದರು. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ, ಅಂದರೆ ಮುಡಿಗೆ 42 ಸೇರು. ವಿಷುವಿನಂದು ಒಕ್ಕಲು ಬುಳೆಕಾಣಿಕೆ ಹಿಡಿದು ಧಣಿಗಳ ಮನೆಯಂಗಳಕ್ಕೆ ಬರುವ ಪದ್ಧತಿಯಿತ್ತು. ಬರುವ ವರ್ಷದ ಮಾತೂ ಆ ಸುಮಾರಿಗೇ ಆಗುತ್ತಿತ್ತು. ಮಾತು ಎಂದರೆ ಏನು? ಧಣಿಗಳು ಹೇಳುವುದು, ಒಕ್ಕಲು “ಆಗಬಹುದು” ಎನ್ನುವುದು. ಎಷ್ಟೋ ಕಡೆ ಅಷ್ಟೂ ಇಲ್ಲದೆ ಕಾರ್ಯಸ್ಥನ ಬಾಯಿಂದಲೇ ಎಲ್ಲವೂ ನಡೆಯುತ್ತಿತ್ತು. ಗೇಣಿ ಸಂದಾಗಲೆಲ್ಲ ಚೀಟಿ ಬರೆದು ಕೊಡುತ್ತಿದ್ದ ಧಣಿಗಳೂ ಇದ್ದರು. ಆದರೆ ಚೀಟಿ ಕೇಳುವುದೇ ಅಧಿಕಪ್ರಸಂಗವೆಂದು ಭಾವಿಸಿದವರು ಹೆಚ್ಚು.

ಈ ರೀತಿಯ ವ್ಯವಹಾರದಲ್ಲಿ ಒಂದು ಸಣ್ಣ ತಕರಾರು ಹುಟ್ಟಿದರೆ ಅದನ್ನು ಕೂತು ಮಾತನಾಡಿ ಮುಗಿಸುವ ಜಾಗವೇ ಇರಲಿಲ್ಲ. ಘಟ್ಟದ ಮೇಲೆ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹದ ಹೆಸರನ್ನು ನೀವು ಕೇಳಿರಬಹುದು. ಅಲ್ಲಿ ಜಗಳ ಎದ್ದುದು ಗೇಣಿ ಅಳೆಯುವ ಕೊಳಗದ ಗಾತ್ರದ ವಿಷಯದಲ್ಲಿ. ಕೊಳಗ ದೊಡ್ಡದು ಎಂದು ಒಕ್ಕಲುಗಳು ಹೇಳಿದರು. ಅಳತೆ ಸರಿಯೋ ತಪ್ಪೋ ಎಂದು ನಾಲ್ಕು ಜನರ ಮುಂದೆ ಅಳೆದು ನೋಡಿ ಮುಗಿಸಬಹುದಾಗಿದ್ದ ಆ ತಕರಾರು, ಒಕ್ಕಲುಗಳನ್ನು ಗದ್ದೆಯಿಂದ ಹೊರಗಿಡುವವರೆಗೆ, ಎಚ್. ಗಣಪತಿಯಪ್ಪನವರ ಮುಂದಾಳುತನದ ಸತ್ಯಾಗ್ರಹದವರೆಗೆ, ರಾಮಮನೋಹರ ಲೋಹಿಯಾ ಅವರು ಬಂದು ಬಂಧಿತರಾಗುವವರೆಗೆ ಬೆಳೆಯಿತು.

ಆ ಮೇಲೆ ಕಾನೂನುಗಳು ಬಂದವು. 1955ರ ಮದರಾಸು ಕಾಯಿದೆಯು ಉಳುವ ಗೇಣಿದಾರನನ್ನು ಮನಸ್ಸು ಬಂದಂತೆ ಎಬ್ಬಿಸದಂತೆ ತಡೆಯಿತು. 1961ರ ಭೂಸುಧಾರಣಾ ಕಾಯಿದೆ 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂತು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಮಾಡಿದ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿಗೆ ಇದ್ದ ಜಮೀನೆಲ್ಲವೂ ಸರಕಾರಕ್ಕೆ ಸೇರಿದ್ದಾಗಿ, ಉಳುವವನು 7ನೇ ನಂಬ್ರದ ಫಾರಮಿನಲ್ಲಿ ಅರ್ಜಿ ಕೊಟ್ಟು ಅದರ ಹಕ್ಕನ್ನು ಪಡೆಯುವಂತಾಯಿತು. ನಮ್ಮೂರಿನವರ ಬಾಯಲ್ಲಿ ಅದು “ಡಿಕ್ಲರೇಶನ್”. ಅರ್ಜಿಯ ಕೊನೆಯ ದಿನವನ್ನು ಮುಂದೂಡುತ್ತ ಬಂದು 1979ರ ಜೂನ್ 30ಕ್ಕೆ ನಿಲ್ಲಿಸಿದರು.

ಭೂನ್ಯಾಯ ಮಂಡಳಿಯಲ್ಲಿ ಮೊದಮೊದಲು ವಕೀಲರಿಗೆ ಅವಕಾಶವಿರಲಿಲ್ಲ. ಅಸಿಸ್ಟೆಂಟ್ ಕಮಿಷನರರ ಮುಂದೆ ಧಣಿಯೂ ಒಕ್ಕಲೂ ತಮ್ಮ ಬಾಯಿಂದಲೇ ಹೇಳಬೇಕಾಗಿತ್ತು. ಅಲ್ಲಿ ಏನಾಯಿತೆಂಬುದನ್ನು ಗಮನವಿಟ್ಟು ನೋಡಿರಿ. ಚೀಟಿ ಕೊಡದಿದ್ದರೆ ಒಕ್ಕಲುತನವೇ ಇಲ್ಲವೆಂದು ಸಾಧಿಸಬಹುದು ಎಂದುಕೊಂಡಿದ್ದ ಧಣಿಗಳಿಗೆ ಆ ಲೆಕ್ಕ ಹೆಚ್ಚಾಗಿ ಕೂಡಿಬರಲಿಲ್ಲ. ನೆರೆಕರೆಯವರು ಬಂದು ಸಾಕ್ಷಿ ಹೇಳಿದರು; ಪಹಣಿಯಲ್ಲಿ ಹೆಸರಿದ್ದವರು ಅದನ್ನು ತೋರಿಸಿದರು. ಇದ್ದುದನ್ನು ಇದ್ದ ಹಾಗೆ ಒಪ್ಪಿಕೊಂಡ ಧಣಿಗಳ ಕೇಸು ಬೇಗ ಮುಗಿಯಿತು, ಅವರ ಮನೆಗೆ ಹಳೆಯ ಒಕ್ಕಲುಗಳು ಮದುವೆ ಮುಂಜಿಗೆ ಬರುವುದೂ ನಿಲ್ಲಲಿಲ್ಲ. ಇಲ್ಲವೇ ಇಲ್ಲ ಎಂದವರು ಹೈಕೋರ್ಟಿನವರೆಗೆ ಅಲೆದರು. ಕಷ್ಟಕ್ಕೆ ಸಿಕ್ಕಿದ್ದು ಧಣಿಗಳು ಮಾತ್ರವಲ್ಲ. “ಡಿಕ್ಲರೇಶನ್ ಹಾಕಬೇಡ, ನಿನ್ನ ಪಾಲನ್ನು ನಾನೇ ಬರೆದು ಕೊಡುತ್ತೇನೆ” ಎಂಬ ಬಾಯಿ ಮಾತನ್ನು ನಂಬಿ, ಧಣಿಯ ಉಪ್ಪು ತಿಂದವರು ನಾವು ಎಂದು ಸುಮ್ಮನೆ ಕೂತು, ತಾರೀಕು ದಾಟಿದ ಮೇಲೆ ಕೈ ಖಾಲಿ ಮಾಡಿಕೊಂಡ ಒಕ್ಕಲುಗಳ ಕತೆಯನ್ನು ಹಿರಿಯರಿಂದ ಇಂದಿಗೂ ಕೇಳಬಹುದು.

ಆದುದರಿಂದ ಆ ಕಾಲದಿಂದ ನಾವು “ಬರೆದು ಕೊಡಬಾರದು” ಎಂಬ ಪಾಠವನ್ನು ಕಲಿತಿದ್ದರೆ ಅದು ತಪ್ಪು ಪಾಠ. ಆ ದಿನ ಜಮೀನು ಕೈಬಿಟ್ಟದ್ದು ಕಾನೂನಿನಿಂದ, ಚೀಟಿಯಿಂದಲ್ಲ. ಚೀಟಿ ಇಲ್ಲದ್ದರಿಂದ ಹೆಚ್ಚಾದದ್ದು ಜಗಳ.

ಗೇಣಿ ಬೇರೆ, ಮನೆ ಬಾಡಿಗೆ ಬೇರೆ

ಇಲ್ಲಿ ಒಂದು ವಿಷಯವನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಭೂಸುಧಾರಣಾ ಕಾಯಿದೆಯು ಕೃಷಿಯ ಜಮೀನಿಗೆ ಸಂಬಂಧಿಸಿದ್ದು. ಅದರ 5ನೇ ಸೆಕ್ಷನ್ನಿನ ಪ್ರಕಾರ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೇ ನಿಷೇಧವಿದೆ. ಸೈನಿಕರು ಮತ್ತು ನಾವಿಕರಿಗೆ ವಿನಾಯಿತಿ ಇದೆ. ವಾಸಕ್ಕೆಂದು ಕೊಟ್ಟ ಮನೆ ಗೇಣಿಯಲ್ಲ, ಅದರಲ್ಲಿರುವವನು ಒಕ್ಕಲೂ ಅಲ್ಲ. ಮನೆಯ ಕರಾರನ್ನು ಬರೆದ ಮಾತ್ರಕ್ಕೆ ತೋಟ ಹೋಗುವುದಿಲ್ಲ. ಬರೆಯದೆ ಇದ್ದಾಗಲೇ ಗೊಂದಲಕ್ಕೆ ಎಡೆಯಾಗುವುದು. ಒಬ್ಬನಿಗೆ ತೋಟದೊಳಗಿನ ಮನೆಯನ್ನು ಕೊಟ್ಟು, “ಹಿಂದಿನ ಅರ್ಧ ಎಕ್ರೆಯನ್ನೂ ನೋಡಿಕೊ, ಬಂದದ್ದರಲ್ಲಿ ನನಗಿಷ್ಟು ಕೊಡು” ಎಂದು ಬಾಯಿಮಾತಿನಲ್ಲಿ ಹೇಳಿದರೆ, ಮನೆ ಬಾಡಿಗೆ ಯಾವುದು, ಕೂಲಿ ಯಾವುದು, ಗೇಣಿ ಯಾವುದು ಎಂದು ಹತ್ತು ವರ್ಷದ ಮೇಲೆ ಬಿಡಿಸಿ ಹೇಳುವವರು ಯಾರು?

ಮನೆಯನ್ನು ವಾಸಕ್ಕೆ ಮಾತ್ರ ಕೊಡಿರಿ, ಮತ್ತು ಕಾಗದದಲ್ಲಿ “ವಾಸಕ್ಕೆ ಮಾತ್ರ” ಎಂದೇ ಬರೆಯಿರಿ. ಅದೇ ಮನುಷ್ಯ ನಿಮ್ಮ ತೋಟದಲ್ಲಿ ಕೆಲಸ ಮಾಡುವವನಾದರೆ ಕೂಲಿಯ ಲೆಕ್ಕವನ್ನು ಬೇರೆ ಪುಸ್ತಕದಲ್ಲಿಡಿರಿ. ಬಾಡಿಗೆಯನ್ನು ಕೂಲಿಯಲ್ಲಿ ಕಳೆಯುವುದಿದ್ದರೆ ಎರಡನ್ನೂ ಪೂರ್ತಿಯಾಗಿ ಬರೆದು ಆ ಮೇಲೆ ಕಳೆಯಿರಿ. ಮರದ ಮೇಲಿನ ಅಡಿಕೆಯ ಫಸಲನ್ನು ಗುತ್ತಿಗೆಗೆ ಮಾರುವುದು, ರಬ್ಬರ್ ಮರಗಳನ್ನು ಟ್ಯಾಪಿಂಗಿಗೆ ಕೊಡುವುದು ಮೊದಲಾದ ವ್ಯವಹಾರಗಳು ಬೇರೆಯೇ; ಅವುಗಳ ಕರಾರು ಬರೆಯುವ ಮೊದಲು ತಿಳಿದ ವಕೀಲರನ್ನು ಕೇಳಿಕೊಳ್ಳುವುದು ಮೇಲು.

ಮನೆಯ ಕರಾರು ಹೆಚ್ಚಾಗಿ 11 ತಿಂಗಳಿಗೆ ಇರುವುದನ್ನು ನೀವು ಕಂಡಿರಬಹುದು. ಒಂದು ವರ್ಷಕ್ಕೆ ಮೀರಿದ ಅಥವಾ ವರ್ಷದಿಂದ ವರ್ಷಕ್ಕೆ ನಡೆಯುವ ಬಾಡಿಗೆಯ ಪತ್ರವನ್ನು 1908ರ ನೋಂದಣಿ ಕಾಯಿದೆಯಂತೆ ರಿಜಿಸ್ಟರ್ ಮಾಡಿಸಲೇಬೇಕಾಗುವುದು ಇದಕ್ಕೆ ಕಾರಣ. ಇದರಲ್ಲಿ ಗುಟ್ಟೇನೂ ಇಲ್ಲ. ಆದರೆ 11 ತಿಂಗಳು ಕಳೆದೊಡನೆ ಹೊಸತು ಬರೆಯುವುದನ್ನು ಬಹುಮಂದಿ ಮರೆಯುತ್ತಾರೆ. ಗೋಡೆಯ ಪಂಚಾಂಗದಲ್ಲಿ ಆ ದಿನಕ್ಕೊಂದು ಗುರುತು ಹಾಕಿಡಿರಿ.

ಮೊದಲ ದಿನದ ಮಾತು

ಮನೆ ನೋಡಲು ಬಂದವರಿಗೆ ಬಾವಿ ತೋರಿಸುವಾಗ, ಏಪ್ರಿಲಿನಲ್ಲಿ ಅದು ತಳ ಕಾಣುತ್ತದೆಂದು ನಾವು ಹೇಳುವುದಿಲ್ಲ. ಆಗ ಕಾರ್ತಿಕ ಮಾಸ, ಬಾವಿ ತುಂಬ ನೀರು. ಅವರು ಬಂದು ಕೂತ ಮೇಲೆ, ಬೇಸಗೆಯಲ್ಲಿ ತೋಟಕ್ಕೂ ಮನೆಗೂ ಒಂದೇ ಪಂಪಾದಾಗ, ಮನೆಯ ನಳ್ಳಿಯಲ್ಲಿ ಗಾಳಿ ಬರುತ್ತದೆ. ಮಾತು ಅಲ್ಲಿಂದ ಕೆಡುತ್ತದೆ. ಮನೆಯಲ್ಲಿ ನಿಮಗೆ ಗೊತ್ತಿದ್ದು, ಬಂದವರ ಕಣ್ಣಿಗೆ ಸಾಮಾನ್ಯವಾಗಿ ಬೀಳದ ದೊಡ್ಡ ಕುಂದೇನಾದರೂ ಇದ್ದರೆ ಅದನ್ನು ಮೊದಲೇ ಹೇಳತಕ್ಕದ್ದು ಎಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಹೇಳುತ್ತದೆ. ಕಾನೂನಿನ ಮಾತು ಹಾಗಿರಲಿ, “ಮಾರ್ಚಿನಿಂದ ಮೇ ತನಕ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ ನೀರು ಬಿಡಲಿಕ್ಕಾಗುವುದು, ಒಂದು ದೊಡ್ಡ ಡ್ರಮ್ಮು ಇಟ್ಟುಕೊಳ್ಳಿ” ಎಂದು ಮೊದಲೇ ಹೇಳಿದರೆ ಬರುವವರು ಅದಕ್ಕೆ ತಯಾರಾಗಿ ಬರುತ್ತಾರೆ. ಒಪ್ಪದವರು ಬರುವುದಿಲ್ಲ. ಅದೂ ಒಳ್ಳೆಯದೇ.

ಹಿತ್ತಲಿನ ಹಲಸಿನ ಹಣ್ಣು ಯಾರಿಗೆ? ಬಿದ್ದ ಮಡಲು, ತೆಂಗಿನಕಾಯಿ ಯಾರಿಗೆ? ಒಣಗಿದ ಸೋಗೆಯನ್ನು ಬಚ್ಚಲ ಒಲೆಗೆ ಉರಿಸಬಹುದೋ? ಕೋಳಿ ಸಾಕಬಹುದೋ, ಸಾಕಿದರೆ ಅಡಿಕೆ ಒಣಗಲು ಹಾಕಿದ ಅಂಗಳಕ್ಕೆ ಅವು ಬಾರದ ಹಾಗೆ ನೋಡಿಕೊಳ್ಳುವವರು ಯಾರು? ಗೇಟಿನ ತನಕ ವಾಹನ ಬರಬಹುದೋ? ಇವು ನಗೆಯ ಪ್ರಶ್ನೆಗಳಂತೆ ಕಾಣುತ್ತವೆ. ಆದರೆ ನಮ್ಮ ಊರಿನಲ್ಲಿ ಬಾಡಿಗೆ ಬಾಕಿಯಾದುದಕ್ಕಿಂತ ಹಲಸಿನ ಹಣ್ಣಿನಿಂದ ಮುನಿಸು ಬಂದ ಮನೆಗಳೇ ಹೆಚ್ಚೆಂದು ನನ್ನ ಎಣಿಕೆ. ಮೀನು ಮಾಂಸ ಬೇಯಿಸುವ ವಿಷಯದಲ್ಲಿ ನಿಮ್ಮ ಮನೆಯ ಕ್ರಮವೇನಾದರೂ ಇದ್ದರೆ ಅದನ್ನೂ ಸಾಮಾನು ಇಳಿಸುವ ಮೊದಲೇ ಹೇಳಿರಿ. ಇಳಿಸಿದ ಮೇಲೆ ವಾಸನೆ ನೋಡಿ ಮುಖ ಸಿಂಡರಿಸುವುದು ಸರಿಯಲ್ಲ. ಜಾತಿ ವಿಚಾರಿಸಿ ಮನೆ ಇಲ್ಲವೆನ್ನುವುದು ಬೇರೆ ಮಾತು, ಅದು ತಪ್ಪೇ.

ಕರೆಂಟಿನ ವಿಷಯವೂ ಇದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆ ಮನೆಯಲ್ಲಿರುವವರಿಗೂ ಅವಕಾಶ ಕೊಟ್ಟಿದ್ದಾರೆ. ಪ್ರತ್ಯೇಕ ಮೀಟರು ಇದ್ದರೆ ಅದರ ಆರ್.ಆರ್. ನಂಬ್ರಕ್ಕೆ ಯಾರ ಆಧಾರ್ ಜೋಡಿಸಿದೆ ಎಂಬುದನ್ನು ಮೊದಲೇ ಮಾತನಾಡಿಕೊಳ್ಳಿರಿ. ಮೀಟರಿನ ಬಿಲ್ಲು ಸೊನ್ನೆ ಬರುತ್ತಿರುವಾಗ ಬಾಡಿಗೆದಾರರಿಂದ ತಿಂಗಳು ತಿಂಗಳು ಕರೆಂಟಿನ ಹಣವೆಂದು ತೆಗೆದುಕೊಳ್ಳುವುದು ಪ್ರಾಮಾಣಿಕ ವ್ಯವಹಾರವಲ್ಲ. ಹಳೆಯ ಕಾಲದ ದೊಡ್ಡ ಸೇರಿಗೂ ಇದಕ್ಕೂ ಏನು ವ್ಯತ್ಯಾಸ?

ಕರಾರಿನ ಭಾಷೆಯ ಕುರಿತು ಒಂದು ಸೂಚನೆ. ನಾವು ತುಳುವಿನಲ್ಲಿ ಮಾತನಾಡುತ್ತೇವೆ, ಕನ್ನಡದಲ್ಲಿ ಬರೆಯಿಸುತ್ತೇವೆ, ಸಹಿ ಹಾಕುವವನಿಗೆ ಬರುವುದು ಹಿಂದಿಯೋ ಮಲಯಾಳವೋ ಆಗಿರುತ್ತದೆ. ಓದಲು ಬಾರದ ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಅದು ಒಪ್ಪಂದವೆನಿಸುವುದಿಲ್ಲ. ಅವನ ಭಾಷೆ ಬಲ್ಲ ಇನ್ನೊಬ್ಬನನ್ನು ಕೂರಿಸಿ, ಒಂದೊಂದೇ ಸಾಲನ್ನು ಓದಿ ಹೇಳಿಸಿರಿ, ಹಾಗೆ ಹೇಳಿದವನ ಸಹಿಯನ್ನೂ ಸಾಕ್ಷಿಯಾಗಿ ತೆಗೆದುಕೊಳ್ಳಿರಿ. ಕಾಗದದ ಒಂದು ಪ್ರತಿಯನ್ನು ಅವನಿಗೆ ಕೊಡಿರಿ. ಎರಡೂ ಪ್ರತಿಗಳನ್ನು ನಮ್ಮ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳುವ ಅಭ್ಯಾಸ ಬಹಳ ಮಂದಿಗಿದೆ.

ತಿಂಗಳ ಚೀಟಿ

ಬಾಡಿಗೆ ಕೈಗೆ ಬಂದೊಡನೆ ರಶೀದಿ ಕೊಡಿರಿ. ಮಕ್ಕಳ ನೋಟ್ ಪುಸ್ತಕ ಒಂದಿದ್ದರೆ ಸಾಕು. ಅಂಗಡಿಯಲ್ಲಿ ಸಿಗುವ ಕಾರ್ಬನ್ ರಶೀದಿ ಪುಸ್ತಕವಾದರೆ ಇನ್ನೂ ಅನುಕೂಲ. ಬರೆಯಬೇಕಾದುದು ಇಷ್ಟೇ:

“ನರಿಮೊಗರು ಗ್ರಾಮದ ಮನೆ ನಂಬ್ರ …… ಇದರ …… ತಿಂಗಳ ಬಾಡಿಗೆ ರೂ. …… ನ್ನು ಶ್ರೀ/ಶ್ರೀಮತಿ …… ಇವರಿಂದ ಈ ದಿನ ಪಡೆದಿರುತ್ತೇನೆ. ಹಿಂದಿನ ಬಾಕಿ ಇಲ್ಲ (ಅಥವಾ ಬಾಕಿ ರೂ. ……). ತಾರೀಕು …… ಸಹಿ ……”

ಫೋನಿನ ಮೂಲಕ ಹಣ ಹಾಕುವವರಿಗೆ ಹಣ ಬಂತೆಂಬ ಗುರುತು ಅದರಲ್ಲಿಯೇ ಇರುತ್ತದೆ, ನಿಜ. ಆದರೆ ಅದು ಯಾವ ತಿಂಗಳಿನದೆಂದು ಅದರಲ್ಲಿ ಇರುವುದಿಲ್ಲ. “ಜೂನ್ ತಿಂಗಳ ಬಾಡಿಗೆ ಬಂತು, ಮೇ ತಿಂಗಳದು ಐನೂರು ಬಾಕಿ” ಎಂದು ಒಂದು ಸಾಲು ಬರೆದು ಕಳುಹಿಸಿರಿ. ಧ್ವನಿಯ ಸಂದೇಶ ಕಳುಹಿಸುವುದು ಸುಲಭವಾದರೂ ಆರು ತಿಂಗಳ ಮೇಲೆ ಅದನ್ನು ಹುಡುಕುವುದು ಕಷ್ಟ. ಬಾಕಿ ಒಂದು ತಿಂಗಳಾದಾಗಲೇ ಕೇಳಬೇಕು, ನಾಲ್ಕು ತಿಂಗಳಾಗುವವರೆಗೆ ದಾಕ್ಷಿಣ್ಯದಿಂದ ಸುಮ್ಮನಿದ್ದು ಒಂದು ದಿನ ಅಂಗಳದಲ್ಲಿ ನಿಂತು ಕೂಗುವುದಲ್ಲ. ಕೇಳುವಾಗ ಅವನ ಹೆಂಡತಿ ಮಕ್ಕಳ ಮುಂದೆ, ಅವನ ಕೆಲಸದ ಜಾಗದಲ್ಲಿ, ಮದುವೆಯ ಚಪ್ಪರದಲ್ಲಿ ಕೇಳಬೇಡಿರಿ.

ಕೊಟ್ಟ ಮನೆಗೆ ಹೋಗುವುದು

ಮನೆ ನಿಮ್ಮದೇ. ಆದರೆ ಬೀಗದ ಕೈ ಕೊಟ್ಟ ಮೇಲೆ ಒಳಗಿನ ಸಂಸಾರ ಅವರದು. ಮನೆಯ ಸ್ಥಿತಿಯನ್ನು ನೋಡಲು ತಕ್ಕ ಸಮಯದಲ್ಲಿ ಒಳಗೆ ಹೋಗುವ ಹಕ್ಕು ಮಾಲಕನಿಗೆ ಕಾನೂನಿನಲ್ಲಿ ಇದೆ. ತೋಟಕ್ಕೆ ಹೋಗುವ ದಾರಿಯಲ್ಲಿ ಕಿಟಕಿಯಿಂದ ಇಣುಕಿ ನೋಡುವ ಹಕ್ಕು ಇಲ್ಲ. ಹೆಂಗಸರು ಮಾತ್ರ ಇರುವ ಮನೆಗಾದರೆ ಹಗಲು ಹೊತ್ತಿನಲ್ಲಿ, ಮೊದಲೇ ತಿಳಿಸಿ, ಸಾಧ್ಯವಾದರೆ ಮನೆಯಾಕೆಯನ್ನು ಕರೆದುಕೊಂಡು ಹೋಗಿರಿ.

ಹೀಗೆ ಹೋಗಲು ಒಳ್ಳೆಯ ಸಮಯವೆಂದರೆ ಪತ್ತನಾಜೆಗಿಂತ ಮೊದಲು. ಮಳೆ ಹಿಡಿದ ಮೇಲೆ ಹಂಚಿನ ಮಾಡಿಗೆ ಹತ್ತುವುದು ಹೇಗೆ? ಮೇ ತಿಂಗಳ ಮೊದಲ ವಾರದಲ್ಲಿ ಹೋಗಿ, “ಹೋದ ಮಳೆಗಾಲದಲ್ಲಿ ಎಲ್ಲೆಲ್ಲಿ ಸೋರಿತು?” ಎಂದು ನೀವಾಗಿಯೇ ಕೇಳಿರಿ. ಸೋರುವ ಜಾಗ ಗೊತ್ತಿರುವುದು ಪಾತ್ರೆ ಇಟ್ಟವರಿಗೆ. ಅವರು ಹೇಳಿದ್ದನ್ನು ಬರೆದುಕೊಳ್ಳಿರಿ, ಯಾವುದನ್ನು ಯಾವಾಗ ಮಾಡಿಸುವಿರೆಂದು ಹೇಳಿರಿ, ಯಾವುದು ಈ ವರ್ಷ ಆಗುವುದಿಲ್ಲವೆಂಬುದನ್ನೂ ಹೇಳಿರಿ. “ನೋಡುವ” ಎಂಬ ನಮ್ಮೂರಿನ ಉತ್ತರವಿದೆಯಲ್ಲ, ಅದರಿಂದ ಒಂದು ಹಂಚೂ ಸರಿಯಾದದ್ದಿಲ್ಲ. ಕರಾರಿನ ಪ್ರಕಾರ ರಿಪೇರಿ ಮಾಡಿಸಬೇಕಾದವರು ನೀವಾಗಿದ್ದು, ತಿಳಿಸಿದ ಮೇಲೂ ತಕ್ಕ ಸಮಯದೊಳಗೆ ಮಾಡಿಸದಿದ್ದರೆ ಬಾಡಿಗೆದಾರನು ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿಯಬಹುದೆಂದು ಮೇಲೆ ಹೇಳಿದ 1882ರ ಕಾಯಿದೆಯಲ್ಲಿದೆ.

ಮನೆ ತೋಟದೊಳಗೇ ಇರುವವರು ಇನ್ನೊಂದನ್ನು ಮರೆಯಬಾರದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ದಿನವನ್ನು ಹಿಂದಿನ ಸಂಜೆಯೇ ಬಾಡಿಗೆದಾರರಿಗೆ ಹೇಳಿರಿ. ನಾವು ಬಿಸಿಲು ಕಂಡೊಡನೆ ಗಡಿಬಿಡಿಯಿಂದ ಪಂಪು ಶುರು ಮಾಡುತ್ತೇವೆ. ಬಿಸಿಲು ಕಂಡದ್ದರಿಂದಲೇ ಅವರು ನಾಲ್ಕು ದಿನದ ಬಟ್ಟೆಯನ್ನು ಹೊರಗೆ ಹರವಿರುತ್ತಾರೆ. ಮೈಲುತುತ್ತಿನ ಕಲೆ ಬಟ್ಟೆಯಿಂದ ಹೋಗುವುದಿಲ್ಲ. ಬಾವಿಗೆ ಮುಚ್ಚಳ ಹಾಕಬೇಕು, ಹೊರಗಿಟ್ಟ ನೀರಿನ ಪಾತ್ರೆಗಳನ್ನು ಒಳಗಿಡಬೇಕು, ಮಕ್ಕಳನ್ನು ಹೊರಗೆ ಬಿಡಬಾರದು ಎಂದು ಬಿಡಿಸಿ ಹೇಳಿರಿ. ಘಟ್ಟದಾಚೆಯಿಂದ ಬಂದವರಿಗೆ ಈ ಮದ್ದು ಏನೆಂದೇ ಗೊತ್ತಿರುವುದಿಲ್ಲ.

ಬಾಡಿಗೆ ಹೆಚ್ಚಿಸುವಾಗ

ಇದರಲ್ಲಿ ನನ್ನಿಂದಲೇ ಆದ ತಪ್ಪೊಂದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಕೆಳಗಿನ ಮನೆಯಲ್ಲಿ ಗಂಡ ಹೆಂಡಿರಿಬ್ಬರು ಬಾಡಿಗೆಗೆ ಇದ್ದರು. ಒಳ್ಳೆಯ ಜನ. ಬಾಡಿಗೆ ಐನೂರು ರೂಪಾಯಿ ಹೆಚ್ಚಿಸಬೇಕೆಂದು ನನಗೆ ತೋರಿತು. ಮುಖ ಕೊಟ್ಟು ಹೇಳಲು ಸಂಕೋಚವಾಗಿ, ತೆಂಗಿನಕಾಯಿ ಕೀಳಲು ಬಂದವನಲ್ಲಿ “ಅವರಿಗೊಂದು ಮಾತು ಹೇಳಿಬಿಡು” ಎಂದೆ. ಆತ ಹೇಳಿದ. ನಾನು ಹೇಳಿಕಳುಹಿಸಿದ್ದು “ಮುಂದಿನ ತಿಂಗಳಿನಿಂದ ಐನೂರು ಹೆಚ್ಚು” ಎಂದು. ಅವರ ಕಿವಿಗೆ ಬಿದ್ದದ್ದು “ಹೆಚ್ಚು ಕೊಡದಿದ್ದರೆ ಮನೆ ಬಿಡಬೇಕಂತೆ” ಎಂದು. ಅವರು ಜಗಳಕ್ಕೆ ಬರಲಿಲ್ಲ. ತಿಂಗಳ ಕೊನೆಗೆ ಬಂದು ಬೀಗದ ಕೈಯನ್ನು ನನ್ನ ತಾಯಿಯ ಕೈಯಲ್ಲಿ ಕೊಟ್ಟು ಹೋದರು. ಆ ಮಳೆಗಾಲವಿಡೀ ಮನೆ ಖಾಲಿ ಬಿದ್ದು ಗೋಡೆಗೆ ಬೂಸಲು ಹಿಡಿಯಿತು. ಐನೂರರ ಆಸೆಯಿಂದ ಹೋದದ್ದೆಷ್ಟೆಂದು ನಾನು ಲೆಕ್ಕ ಹಾಕಲಿಲ್ಲ. ಹಿಂದಿನ ಧಣಿಗಳಿಗೆ ಕಾರ್ಯಸ್ಥನಿದ್ದ ಹಾಗೆ ನನಗೆ ತೆಂಗಿನಕಾಯಿ ಕೀಳುವವನು!

ಈಗ ನಾನೇ ಹೋಗುತ್ತೇನೆ, ಎರಡು ತಿಂಗಳು ಮೊದಲೇ ಹೋಗುತ್ತೇನೆ. ಮಾತು ಹೆಚ್ಚು ಕಡಿಮೆ ಹೀಗೆ ನಡೆಯುತ್ತದೆ:

“ಟೀಚರೇ, ವಿಷು ಕಳೆದ ಮೇಲೆ ಬಾಡಿಗೆ ಇನ್ನೂರು ಹೆಚ್ಚು ಮಾಡಬೇಕೆಂದಿದ್ದೇನೆ. ಈಗಲೇ ಹೇಳಿದರೆ ನಿಮಗೂ ಯೋಚಿಸಲಿಕ್ಕೆ ಆಗುತ್ತದಲ್ಲ.”

“ಆಗಬಹುದು ಅಣ್ಣ. ಆದರೆ ಬಚ್ಚಲ ಮನೆಯ ಬಾಗಿಲು ಕೆಳಗಿನಿಂದ ಕುಂಬಾಗಿದೆ. ಅದನ್ನೊಮ್ಮೆ ಸರಿಮಾಡಿಸಿ ಕೊಡಿ.”

“ಬಾಗಿಲು ಮಾಡಿಸಿದ ಮೇಲೆಯೇ ಹೆಚ್ಚಿನ ಬಾಡಿಗೆ ಕೊಟ್ಟರೆ ಸಾಕು.”

ಇಷ್ಟನ್ನು ಆಡಿ ಮನೆಗೆ ಬಂದು, ಮಾತನಾಡಿದ್ದನ್ನು ಎರಡು ಸಾಲಿನಲ್ಲಿ ಬರೆದು ಅವರಿಗೆ ಕಳುಹಿಸುತ್ತೇನೆ. ಬಾಗಿಲು ತಡವಾದರೆ ಅವರು ಆ ಸಾಲುಗಳನ್ನೇ ನನಗೆ ತೋರಿಸುತ್ತಾರೆ, ತೋರಿಸಿದ್ದೂ ಉಂಟು.

ಮನೆ ಬಿಡಿಸಬೇಕಾಗಿ ಬಂದರೆ

ಮಗನಿಗೆ ಮದುವೆಯಾಗಿ ಆ ಮನೆ ನಿಮಗೇ ಬೇಕಾಗಬಹುದು, ಇಲ್ಲವೆ ಬಾಡಿಗೆದಾರನೊಡನೆ ಸರಿಹೊಂದದೆ ಇರಬಹುದು. ಮೊದಲು ಬಾಯಿಂದ, ಕಾರಣ ಸಹಿತ, ಆದಷ್ಟು ಮುಂಚೆ ಹೇಳಿರಿ. ಮಕ್ಕಳು ಶಾಲೆಗೆ ಹೋಗುವ ಮನೆಯಾದರೆ ಪರೀಕ್ಷೆ ಮುಗಿಯುವವರೆಗೆ ಸಮಯ ಕೊಡುವುದು ಕಾನೂನಿನಲ್ಲಿಲ್ಲದಿದ್ದರೂ ಮರ್ಯಾದೆಯ ಮಾತು. ಆದರೆ ಬಾಯಿ ಮಾತು ಕಾನೂನಿನ ನೋಟೀಸು ಆಗುವುದಿಲ್ಲ. ತಿಂಗಳ ಬಾಡಿಗೆಯ ಮನೆಗೆ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, 15 ದಿನಗಳ ನೋಟೀಸು ಬೇಕೆಂದು 1882ರ ಕಾಯಿದೆಯ 106ನೇ ಸೆಕ್ಷನ್ ಹೇಳುತ್ತದೆ. ಅದು ಬರಹದಲ್ಲಿರಬೇಕು, ಕೊಡುವವನ ಸಹಿ ಇರಬೇಕು. ಅಂಚೆಯಲ್ಲಿ ಕಳುಹಿಸಬಹುದು, ಅವನ ಕೈಗೇ ಕೊಡಬಹುದು, ಅವನು ಸಿಗದಿದ್ದರೆ ಮನೆಯಲ್ಲಿರುವ ಅವನ ಕುಟುಂಬದವರಿಗೋ ಕೆಲಸದವರಿಗೋ ಕೊಡಬಹುದು, ಯಾವುದೂ ಆಗದಿದ್ದರೆ ಮನೆಯ ಎದ್ದು ಕಾಣುವ ಜಾಗದಲ್ಲಿ ಅಂಟಿಸಬಹುದು. ದಿನಗಳನ್ನು ಎಣಿಸುವುದು ನೋಟೀಸು ಅವನಿಗೆ ತಲುಪಿದ ದಿನದಿಂದ, ನೀವು ಬರೆದ ದಿನದಿಂದಲ್ಲ. ಆದುದರಿಂದ ಅಂಚೆಯ ಸ್ವೀಕೃತಿಯನ್ನು ಜೋಪಾನವಾಗಿಡಿರಿ.

ಅವಧಿ ಮುಗಿದರೂ ಬಿಡದಿದ್ದರೆ ಕೋರ್ಟಿನ ಮೂಲಕವೇ ಬಿಡಿಸಬೇಕು. ನೀರಿನ ಗೇಟ್‌ವಾಲ್ವು ತಿರುಗಿಸುವುದು, ಫ್ಯೂಸು ಕೀಳುವುದು, ಹೊರಗೆ ಹೋದಾಗ ಬೇರೆ ಬೀಗ ಜಡಿಯುವುದು, ಸಾಮಾನುಗಳನ್ನು ಅಂಗಳಕ್ಕೆ ಹಾಕುವುದು, ಇವುಗಳಲ್ಲಿ ಯಾವುದನ್ನೂ ಮಾಡಕೂಡದು. ಮಾಡಿದರೆ ಅಲ್ಲಿಯವರೆಗೆ ನಿಮ್ಮ ಕಡೆಗಿದ್ದ ನ್ಯಾಯ ಅಂದೇ ಅವನ ಕಡೆಗೆ ಹೋಗುತ್ತದೆ, ಪೊಲೀಸ್ ಠಾಣೆಗೆ ಹೋಗಬೇಕಾದವರು ನೀವಾಗುತ್ತೀರಿ. ಅದಕ್ಕೆ ಮೊದಲು ಇಬ್ಬರಿಗೂ ಬೇಕಾದ ಒಬ್ಬ ಹಿರಿಯರನ್ನು, ವಾರ್ಡಿನ ಪಂಚಾಯತ್ ಸದಸ್ಯರನ್ನು ಕೂರಿಸಿ ಒಮ್ಮೆ ಮಾತನಾಡಿ ನೋಡಿರಿ. ಅಲ್ಲಿ ಆದ ಮಾತನ್ನೂ ಬರೆದು ಇಬ್ಬರೂ ಸಹಿ ಹಾಕಿರಿ.

ಅವರು ಹೊರಡುವ ದಿನ ಜೊತೆಯಲ್ಲಿ ನಿಂತು ಮೀಟರಿನ ರೀಡಿಂಗ್ ಬರೆದುಕೊಳ್ಳಿರಿ, ಗೋಡೆ, ಬಾಗಿಲು, ನಳ್ಳಿಗಳನ್ನು ಇಬ್ಬರೂ ಸೇರಿ ನೋಡಿರಿ. ಅಡ್ವಾನ್ಸಿನಿಂದ ಏನಾದರೂ ಕಳೆಯುವುದಿದ್ದರೆ ಯಾವುದಕ್ಕೆ ಎಷ್ಟೆಂದು ಚೀಟಿಯಲ್ಲಿ ಬರೆದು ತೋರಿಸಿರಿ. ಒಡೆದ ಗಾಜಿಗೆ ಹೊಸ ಕಿಟಕಿಯ ಬೆಲೆ ಹಾಕಬೇಡಿರಿ. ಉಳಿದ ಹಣವನ್ನು ಅಂದೇ ಕೊಡಿರಿ. ಅಡಿಕೆ ಮಾರಿದ ಮೇಲೆ ಕೊಡುತ್ತೇನೆ ಎನ್ನುವುದಿದ್ದರೆ ಅದನ್ನು ಒಂದು ತಿಂಗಳು ಮೊದಲೇ ಹೇಳಿರಬೇಕು, ಸಾಮಾನು ತುಂಬಿದ ಪಿಕಪ್ ವಾಹನ ಗೇಟಿನಲ್ಲಿ ನಿಂತಿರುವಾಗ ಅಲ್ಲ. ಹಣ ಕೊಟ್ಟು, ಕೊಟ್ಟದ್ದಕ್ಕೆ ಅವರ ಸಹಿ ಪಡೆದು, ಬೀಗದ ಕೈಗಳನ್ನು ಎಣಿಸಿ ತೆಗೆದುಕೊಳ್ಳಿರಿ. ಹಿತ್ತಿಲ ಬಾಗಿಲಿನದನ್ನು ಕೇಳಲು ಮರೆಯಬೇಡಿರಿ.